ಜೇಬಿನಲ್ಲಿ ಕಂಪ್ಯೂಟರ್, ತಿಜೋರಿಯಲ್ಲಿ ನಕಲು

ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್‌ನವರು, ಫೋಟೋ ಸ್ಟುಡಿಯೋದವರು, ಕೆಲವು ಶಾಲಾ ಮಾಸ್ತರರು ಸೇರಿದ್ದ ಒಂದು ರವಿವಾರದ ಕೂಟದಲ್ಲಿ, ಪೆನ್‌ಡ್ರೈವಿನಿಂದ ಕಂಪ್ಯೂಟರ್ ನಡೆಸುವುದು, ಫೈಲ್‌ಗಳ ನಕಲು ಕಾಯುವುದು ಇವುಗಳ ಬಗ್ಗೆ ನಾನು ಆಡಿದ ಮಾತು ಇದು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಕರೆಂಟ್ ಹೋದದ್ದನ್ನು ಮಾತ್ರ ತೆಗೆದಿಲ್ಲ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ಟೇಬಲ್ ನೋಡಿ. ಇದೊಂದು ಹಳೇ ಲ್ಯಾಪ್‌ಟಾಪ್. ರ‍್ಯಾಮ್ ಬರೀ 2 ಜಿಬಿ. ಅದು ಕರೆಂಟ್ ಇರುವ ತನಕ ಮಾತ್ರ ಉಳಿಯುವ ನೆನಪು. ಇಲ್ಲೇ ಕೂತಿರುವ ಮಾಸ್ತರೊಬ್ಬರ ಶಾಲೆಯದು. ಪಕ್ಕದಲ್ಲಿ ಪೇಪರ್ ಮೇಲೆ ಇಟ್ಟಿರುವ ಚಪ್ಪಟೆ ಡಬ್ಬಿ ಇದರ ಹಾರ್ಡ್ ಡಿಸ್ಕ್. ಮುಂಜಾನೆ ನಾನೇ ಸ್ಕ್ರೂ ಬಿಚ್ಚಿ ಹೊರಗೆ ತೆಗೆದೆ. ಅಂದರೆ ಈಗ ಇದರ ಹೊಟ್ಟೆ ಖಾಲಿ. ವಿಂಡೋಸ್ ಇಲ್ಲ, ಫೈಲ್ ಇಲ್ಲ, ಏನೂ ಇಲ್ಲ.

ಈಗ ಈ ಪೆನ್‌ಡ್ರೈವ್ ಹಾಕುತ್ತೇನೆ. ಪವರ್ ಬಟನ್ ಒತ್ತಿ, ಎಫ್ 12 ಕೀಲಿಯನ್ನು ಟಕಟಕ ಅಂತ ಒತ್ತುತ್ತಾ ಇರಬೇಕು. ಪರದೆ ಮೇಲೆ ಕಂಪನಿ ಹೆಸರು ಬಂದು ಹೋಗುವಷ್ಟರಲ್ಲಿ ಆಗಬೇಕು. ತಡವಾಯಿತೋ, ಮತ್ತೆ ಮೊದಲಿಂದ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್ 12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್ 9. ಬಂತು ನೋಡಿ ಪಟ್ಟಿ. ಪೆನ್‌ಡ್ರೈವಿನ ಹೆಸರು ಆರಿಸಿ ಎಂಟರ್.

ಡೆಸ್ಕ್‌ಟಾಪ್ ಬಂತು. ಇದು ಪಪ್ಪಿ ಲಿನಕ್ಸ್. ಲಿನಕ್ಸ್ ಅಂದರೆ ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಪಪ್ಪಿ ಅದರದೊಂದು ಚಿಕ್ಕ ಬಗೆ. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಶುರು ಮಾಡಿದ್ದು. ಈಗ ಪೆನ್‌ಡ್ರೈವನ್ನೂ ಕಿತ್ತುಬಿಡುತ್ತೇನೆ. ಇನ್ನೂ ನಡೀತಾ ಇದೆ, ಅಲ್ವಾ? ಮೌಸ್ ಓಡುತ್ತೆ, ಫೈಲ್ ತೆರೆಯುತ್ತೆ. ಇಡೀ ಪಪ್ಪಿ ರ‍್ಯಾಮ್‌ಗೆ ಏರಿ ಕೂತಿದೆ.

(ಹಿಂದಿನ ಸಾಲಿನಿಂದ ಯಾರೋ "ಇದೇನ್ ಮಾಟಾನೋ ಮಾರಾಯಾ" ಅಂದರು. ಎಲ್ಲರೂ ನಕ್ಕರು.)

ಮಾಟ ಏನಿಲ್ಲ. ಇದರ ಗುಟ್ಟು ಪ್ರೆಸ್‌ನವರಿಗೆ ಬೇಗ ತಿಳಿಯುತ್ತೆ. ಅಚ್ಚಾದ ಪುಟದ ಮೇಲೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ತಿದ್ದುತ್ತೀರಿ ಅಂದುಕೊಳ್ಳಿ. ಮೇಲಿನಿಂದ ನೋಡಿದರೆ ತಿದ್ದಿದ ಪುಟವೇ ಕಾಣುತ್ತೆ. ಕೆಳಗಿನ ಅಚ್ಚಿಗೆ ಏನೂ ಆಗಿರಲ್ಲ. ಲೈವ್ ಸಿಸ್ಟಮ್ ಅಂದರೆ ಇದೇ. ಪೆನ್‌ಡ್ರೈವಿನಲ್ಲಿ ಆಪರೇಟಿಂಗ್ ಸಿಸ್ಟಮ್ಮೆಲ್ಲ ಒತ್ತಿ ಮಡಚಿದ ಒಂದು ದೊಡ್ಡ ಫೈಲಾಗಿ ಇರುತ್ತೆ. ಸ್ಕ್ವಾಶ್‌ಎಫ್‌ಎಸ್ ಅಂತ ಅದರ ಹೆಸರು. ಅದನ್ನು ಓದಲು ಬರುತ್ತೆ, ಅದರೊಳಗೆ ಬರೆಯಲು ಬರಲ್ಲ. ನೀವು ಮಾಡುವ ಬದಲಾವಣೆಯೆಲ್ಲ ರ‍್ಯಾಮ್ ಅನ್ನುವ ಬಟರ್ ಪೇಪರ್ ಮೇಲೆ. ಆಫ್ ಮಾಡಿದರೆ ಬಟರ್ ಪೇಪರ್ ಕಸದ ಬುಟ್ಟಿಗೆ. ನಾಳೆ ಮತ್ತೆ ಹೊಚ್ಚ ಹೊಸ ಪುಟ.

ಲಿನಕ್ಸಿನ ತಿರುಳು, ಅಂದರೆ ಕರ್ನೆಲ್, ಹುಟ್ಟಿದ್ದು 1991ರಲ್ಲಿ, ಫಿನ್‌ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಕೈಯಲ್ಲಿ. ಆದರೆ ಅದನ್ನು ಇನ್‌ಸ್ಟಾಲ್ ಮಾಡದೆ, ಸುಮ್ನೆ ಸಿಡಿ ಹಾಕಿ ನಡೆಸಬಹುದು ಅಂತ ಜನಕ್ಕೆ ಚೆನ್ನಾಗಿ ತೋರಿಸಿದ್ದು ಕ್ನಾಪಿಕ್ಸ್. ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಬಿಟ್ಟದ್ದು. 700 ಎಂಬಿಯ ಒಂದು ಸಿಡಿಯಲ್ಲಿ ಡೆಸ್ಕ್‌ಟಾಪ್, ಆಫೀಸ್, ಬ್ರೌಸರ್ ಎಲ್ಲ. ಸಿಡಿಗೆ ಬರೆಯಲು ಬರಲ್ಲವಲ್ಲ, ಹಾಗಾಗಿ ಈ ಬಟರ್ ಪೇಪರ್ ಉಪಾಯ. ಪೆನ್‌ಡ್ರೈವ್ ಬಂದ ಮೇಲೆ ಒಂದು ಅನುಕೂಲ ಸೇರಿತು. ಬಟರ್ ಪೇಪರ್ ಎಸೆಯದೆ, ಪೆನ್‌ಡ್ರೈವಿನ ಒಂದು ಮೂಲೆಯಲ್ಲೇ ಮಡಚಿ ಇಟ್ಟುಕೊಳ್ಳಬಹುದು. ಅದನ್ನು ಪರ್ಸಿಸ್ಟೆನ್ಸ್ ಅಂತಾರೆ. ಪಪ್ಪಿಯಲ್ಲಿ ಮೊದಲ ಸಲ ಶಟ್‌ಡೌನ್ ಮಾಡುವಾಗ ಅದೇ ಕೇಳುತ್ತೆ, ಉಳಿಸಲಾ ಬೇಡವಾ ಅಂತ. ಡೆಬಿಯನ್, ಉಬುಂಟು, ಎಂಎಕ್ಸ್ ಅನ್ನುವ ಬೇರೆ ಬಗೆಯ ಲಿನಕ್ಸ್‌ನಲ್ಲೂ ದಾರಿ ಇದೆ. ನನಗೆ ಕೇಳಿದರೆ ಎಂಎಕ್ಸ್‌ನಲ್ಲಿ ಅದು ಎಲ್ಲಕ್ಕಿಂತ ಸಲೀಸು.

ಈಗ ಇಲ್ಲಿ ಒಂದು ಫೈಲ್ ತೆರೆದು ನಾಲ್ಕು ಸಾಲು ಟೈಪ್ ಮಾಡಿ ಸೇವ್ ಮಾಡಿದೆ ನೋಡಿ. ಇನ್ನು...

(ಇಲ್ಲಿ ಕರೆಂಟ್ ಹೋಯಿತು. ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಪರದೆ ತಟ್ಟನೆ ಕಪ್ಪಾಯಿತು. ಐದಾರು ನಿಮಿಷದ ನಂತರ ಕರೆಂಟ್ ಬಂತು. ಮತ್ತೆ ಎಫ್ 12, ಮತ್ತೆ ಪಪ್ಪಿ. ನಾಲ್ಕು ಸಾಲಿನ ಫೈಲ್ ಇರಲಿಲ್ಲ.)

ನಾನು ಹೇಳಬೇಕಿದ್ದನ್ನು ಕರೆಂಟೇ ಹೇಳಿಬಿಟ್ಟಿತು. ಸೇವ್ ಅಂತ ಒತ್ತಿದ್ದೆ, ನೀವೆಲ್ಲ ನೋಡಿದಿರಿ. ಆದರೆ ಎಲ್ಲಿಗೆ ಸೇವ್ ಆಯಿತು? ಬಟರ್ ಪೇಪರ್ ಮೇಲೆ. ಲೈವ್ ಸಿಸ್ಟಮ್ ನಡೆಸುವವರು ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳಿಕೊಳ್ಳಬೇಕು.

ಇನ್ನು, ಯಾಕೆ ಬೇಕು ಇದೆಲ್ಲ? ಮಾಸ್ತರರಿಗೆ ಮೊದಲು ಹೇಳುತ್ತೇನೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೇ ಮಷಿನ್‌ಗಳಲ್ಲಿ ವಿಂಡೋಸ್ 11 ಕೂರಲ್ಲ, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು ಅನ್ನುತ್ತೆ. ಶಾಲೆಯ ಲ್ಯಾಬಿನಲ್ಲಿ ಇಂಥವು ಹತ್ತು ಇದ್ದರೆ ಎಸೆಯುವುದೇನೂ ಬೇಡ. ಪೆನ್‌ಡ್ರೈವಿನಿಂದ ನಡೆಸಿ ನೋಡಿ, ಹಿಡಿಸಿದರೆ ಆಮೇಲೆ ಒಳಗೆ ಹಾಕಿಕೊಳ್ಳಿ. ಕನ್ನಡ ಟೈಪಿಂಗ್ ಏನು ಮಾಡುವುದು ಅಂತ ಕೇಳುತ್ತೀರಿ. ಉಬುಂಟು, ಮಿಂಟ್ ಥರದ ಲಿನಕ್ಸ್‌ಗಳ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ವಿನ್ಯಾಸ ಇದೆ. ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಬಹುತೇಕ ಅದೇ. ಲೋಹಿತ್, ನೋಟೋ ಅನ್ನುವ ಕನ್ನಡ ಫಾಂಟ್‌ಗಳು ಪುಕ್ಕಟೆ.

ಪ್ರೆಸ್‌ನವರಿಗೆ ಬೇರೆ ಕಾರಣ. ನಮ್ಮ ಅಂಗಡಿಗೆ ದಿನಾ ಗಿರಾಕಿಗಳ ಪೆನ್‌ಡ್ರೈವ್ ಬರುತ್ತವೆ. ಹಾಕಿದ ಕೂಡಲೇ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿರುತ್ತವೆ. "ಸರ, ಎಲ್ಲಾ ಹೋತ್ರಿ" ಅಂತ ಗಿರಾಕಿಯ ಮುಖ ಸಣ್ಣದಾಗುತ್ತೆ. ಏನೂ ಹೋಗಿರಲ್ಲ. ವೈರಸ್ಸು ಅಸಲಿ ಫೋಲ್ಡರ್‌ಗಳನ್ನು ಅಡಗಿಸಿ, ಅದೇ ಹೆಸರಿನ ಬೇತಾಳಗಳನ್ನು ಮುಂದೆ ನಿಲ್ಲಿಸಿರುತ್ತೆ. ಅದೇ ಪೆನ್‌ಡ್ರೈವನ್ನು ಲಿನಕ್ಸ್‌ಗೆ ಹಾಕಿ. ವಿಂಡೋಸಿನ ಆ ಅಡಗಿಸುವ ಗುರುತಿಗೆ ಲಿನಕ್ಸ್ ಸಾಮಾನ್ಯವಾಗಿ ಕಿಮ್ಮತ್ತು ಕೊಡಲ್ಲ. ಎಲ್ಲ ಬೆಳಕಿಗೆ ಬರುತ್ತೆ. ನನ್ನ ಅಂಗಡಿಯಲ್ಲಿ ಹೊರಗಿನ ಪೆನ್‌ಡ್ರೈವ್‌ಗಳಿಗಾಗಿಯೇ ಒಂದು ಹಳೇ ಮಷಿನ್ ಇದೆ. ಡಿಸ್ಕ್ ಇಲ್ಲ, ಬರೀ ಲೈವ್ ಪೆನ್‌ಡ್ರೈವ್. ಬಂದ ರೋಗಿಯನ್ನು ಮೊದಲು ಅಲ್ಲಿ ಮಲಗಿಸುತ್ತೇನೆ.

ಪೇಜ್‌ಮೇಕರ್ ಅನ್ನುವ ಪುಟ ಕಟ್ಟುವ ಪ್ರೋಗ್ರಾಮ್ ಇದರಲ್ಲಿ ನಡೆಯುತ್ತಾ ಅಂತ ಮುಂದಿನ ಸಾಲಿನವರು ಆಗಲೇ ಸನ್ನೆ ಮಾಡಿದರು. ಸುಳ್ಳು ಹೇಳಲ್ಲ. ನಾವು ವಿಂಡೋಸಿನಲ್ಲಿ ನಡೆಸುವ ಹಾಗೆ ನಡೆಯಲ್ಲ. ಲಿಬ್ರೆ ಆಫೀಸ್ ಪ್ರೋಗ್ರಾಮಿನ ಡ್ರಾ ಅನ್ನುವ ಭಾಗ ಪೇಜ್‌ಮೇಕರ್ ಫೈಲನ್ನು ತೆರೆಯುತ್ತೆ, ಆದರೆ ಜೋಡಣೆ ಅತ್ತಿತ್ತ ಸರಿಯುತ್ತೆ. ಒಳಗೇನಿದೆ ಅಂತ ನೋಡಲು ಸಾಕು, ಅಚ್ಚಿನ ಪ್ಲೇಟ್‌ಗೆ ಕೊಡಲು ಸಾಲದು. ನಾನೂ ಪುಟ ಕಟ್ಟುವುದಕ್ಕೆ ಇನ್ನೂ ಒಂದು ವಿಂಡೋಸ್ ಮಷಿನ್ ಇಟ್ಟುಕೊಂಡಿದ್ದೇನೆ. ಅದರ ಮೈ ಕಾಯುವ ಕೆಲಸ ಮಾತ್ರ ಲಿನಕ್ಸ್ ಡಿಸ್ಕಿನದು.

ಮಾಡಿಕೊಳ್ಳುವುದು ಹೇಗೆ ಅನ್ನುವುದನ್ನು ಬೇಗ ಮುಗಿಸುತ್ತೇನೆ, ಅದು ಕಷ್ಟದ್ದಲ್ಲ. ಐಎಸ್‌ಒ ಅನ್ನುವ ಫೈಲ್ ಇಳಿಸಿಕೊಳ್ಳಿ, ಇಡೀ ಲಿನಕ್ಸ್ ಅದರೊಳಗೇ ಇರುತ್ತೆ. ಅದರ ಜೊತೆ ಕೊಟ್ಟಿರುವ ಎಸ್‌ಎಚ್‌ಎ 256 ಅಂಕಿ ತಾಳೆ ನೋಡಿ, ಫೈಲ್ ಕೆಡದೆ ಬಂದಿದೆಯಾ ಅಂತ ಅದರಿಂದ ತಿಳಿಯುತ್ತೆ. ಅದಕ್ಕೆಂದೇ ಇರುವ ಪ್ರೋಗ್ರಾಮ್‌ಗಳಾದ ರೂಫಸ್ ಅಥವಾ ಎಚರ್‌ನಿಂದ ಪೆನ್‌ಡ್ರೈವಿಗೆ ಬರೆಯಿರಿ. ಇಲ್ಲವೇ ವೆಂಟಾಯ್ ಹಾಕಿ. ವೆಂಟಾಯ್ ಒಮ್ಮೆ ಹಾಕಿದರೆ ಆಯಿತು, ಆಮೇಲೆ ಐಎಸ್‌ಒ ಫೈಲ್‌ಗಳನ್ನು ಹಾಡು ಕಾಪಿ ಮಾಡಿದ ಹಾಗೆ ಎಳೆದು ಹಾಕುವುದು. ಒಂದೇ ಪೆನ್‌ಡ್ರೈವಿನಲ್ಲಿ ಪಪ್ಪಿ, ಮಿಂಟ್, ಡಿಸ್ಕಿನ ಪೂರ್ತಿ ಅಚ್ಚು ತೆಗೆಯುವ ಕ್ಲೋನ್‌ಜಿಲ್ಲಾ ಎಲ್ಲ ಇರಬಹುದು. ಮೊದಲ ಸಲ ಹಾಕುವಾಗ ಪೆನ್‌ಡ್ರೈವ್ ಪೂರ್ತಿ ಅಳಿಯುತ್ತೆ, ಅದು ನೆನಪಿರಲಿ. ಡಿಡಿ ಅನ್ನುವ ಹಳೇ ಕಮಾಂಡ್ ಕೂಡ ಇದೆ. ಅದಕ್ಕೆ ಡಿಸ್ಕ್ ಡೆಸ್ಟ್ರಾಯರ್ ಅಂತ ಅಡ್ಡಹೆಸರು. ಒಂದು ಅಕ್ಷರ ತಪ್ಪಿದರೆ ಪೆನ್‌ಡ್ರೈವಿನ ಬದಲು ಒಳಗಿನ ಡಿಸ್ಕ್ ಅಳಿಸುತ್ತೆ, ಖಾತ್ರಿನಾ ಅಂತ ಕೂಡ ಕೇಳಲ್ಲ.

ಹೊಸ ಲ್ಯಾಪ್‌ಟಾಪ್ ಇರುವವರಿಗೆ ಎರಡು ಎಚ್ಚರಿಕೆ. ಮಷಿನ್ ಏಳುವಾಗಿನ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್, ಅಂದರೆ ಗುರುತಿಲ್ಲದ ಸಿಸ್ಟಮ್ ಏಳದಂತೆ ತಡೆಯುವ ಕಾವಲು, ಮುಟ್ಟುವ ಮುಂಚೆ, ಡಿಸ್ಕಿಗೆ ವಿಂಡೋಸಿನ ಬಿಟ್‌ಲಾಕರ್‌ನಲ್ಲಿ ಬೀಗ ಹಾಕಿದೆಯಾ ನೋಡಿ. ಹಾಕಿದ್ದರೆ ರಿಕವರಿ ಕೀ ಮೊದಲು ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ವಿಂಡೋಸ್ ಬಾಗಿಲಲ್ಲೇ ನಿಲ್ಲಿಸಿ 48 ಅಂಕಿ ಕೇಳುತ್ತೆ. ಇನ್ನೊಂದು, ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ವಿಂಡೋಸ್ ಶಟ್‌ಡೌನ್ ಆದ ಹಾಗೆ ನಟಿಸುತ್ತೆ, ನಿಜವಾಗಿ ಅರ್ಧ ನಿದ್ದೆಯಲ್ಲಿರುತ್ತೆ. ಆಗ ಲಿನಕ್ಸ್‌ನಿಂದ ಆ ಡಿಸ್ಕಿಗೆ ಬರೆಯಬಾರದು. ಅದನ್ನು ಆಫ್ ಮಾಡಿಕೊಳ್ಳಿ.

ಪೆನ್‌ಡ್ರೈವ್ ಸಾಕಾ, ಡಿಸ್ಕ್ ಬೇಕಾ? ಆಗೊಮ್ಮೆ ಈಗೊಮ್ಮೆ ಆದರೆ ಪೆನ್‌ಡ್ರೈವ್ ಸಾಕು. ದಿನಾ ಕೆಲಸ ಇದ್ದರೆ ಒಳಗೆ ಏನೂ ತಿರುಗದ ಡಿಸ್ಕ್, ಅಂದರೆ ಒಂದು ಸಣ್ಣ ಎಸ್‌ಎಸ್‌ಡಿ, ಅದಕ್ಕೊಂದು ಯುಎಸ್‌ಬಿ ಕೇಸ್. ದೊಡ್ಡ ಸಿನಿಮಾ ಫೈಲ್ ಒಂದನ್ನು ಬರೆಯುವುದರಲ್ಲಿ ಪೆನ್‌ಡ್ರೈವ್ ಪರವಾಗಿಲ್ಲ. ಆದರೆ ಆಪರೇಟಿಂಗ್ ಸಿಸ್ಟಮ್ ಅಂದರೆ ಸಾವಿರಾರು ಸಣ್ಣ ಸಣ್ಣ ಬರಹ. ಅಲ್ಲಿ ಅದು ಎತ್ತಿನ ಗಾಡಿ. ತೂತು ಯಾವುದು ಅನ್ನುವುದೂ ಮುಖ್ಯ. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0ರದ್ದು 5 ಗಿಗಾಬಿಟ್. ಒಳಗೆ ನೀಲಿ ಪಟ್ಟಿ ಇದ್ದರೆ ಸಾಮಾನ್ಯವಾಗಿ 3.0.

ವೇಗಕ್ಕಿಂತ ಜಾಸ್ತಿ ಕಾಡುವುದು ಕರೆಂಟು. 2.0 ತೂತು ಕೊಡುವುದು 500 ಮಿಲಿ ಆಂಪ್, 3.0 ಕೊಡುವುದು 900. ತಿರುಗುವ ಹಾರ್ಡ್ ಡಿಸ್ಕನ್ನು ಹಳೇ ಡೆಸ್ಕ್‌ಟಾಪಿನ ಮುಂದಿನ ತೂತಿಗೆ ಹಾಕಿದರೆ ಟಿಕ್, ಟಿಕ್ ಅನ್ನುತ್ತೆ. ಡಿಸ್ಕ್ ಸತ್ತಿತು ಅಂತ ಗಾಬರಿ ಬೀಳಬೇಡಿ. ಅದು ಎದ್ದು ನಿಲ್ಲಲು ನೋಡುತ್ತಿದೆ, ಶಕ್ತಿ ಸಾಲದೆ ಕೂರುತ್ತಿದೆ. ಹಿಂದುಗಡೆ ಮದರ್‌ಬೋರ್ಡಿಗೇ ಅಂಟಿರುವ ತೂತಿಗೆ ಹಾಕಿ, ಗಿಡ್ಡ ಕೇಬಲ್ ಬಳಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ.

ಎಸ್‌ಎಸ್‌ಡಿಗೆ ಲಿನಕ್ಸ್ ಪೂರ್ತಿ ಇನ್‌ಸ್ಟಾಲ್ ಮಾಡುವವರು ಒಂದು ಹಳ್ಳಕ್ಕೆ ಬೀಳುತ್ತಾರೆ. ನಾನೂ ಬಿದ್ದಿದ್ದೇನೆ. ಸಿಸ್ಟಮ್ಮೆಲ್ಲ ಹೊರಗಿನ ಡಿಸ್ಕಿಗೆ ಹೋಗುತ್ತೆ, ಆದರೆ ಅದನ್ನು ಎಬ್ಬಿಸುವ ಬೂಟ್ ಲೋಡರನ್ನು ಕೆಲವು ಇನ್‌ಸ್ಟಾಲರ್‌ಗಳು ಒಳಗಿನ ಡಿಸ್ಕಿನಲ್ಲಿ ಇಟ್ಟುಬಿಡುತ್ತವೆ. ಆಗ ಮನೆ ಇಲ್ಲಿ, ಬೀಗದಕೈ ಪಕ್ಕದ ಮನೆಯಲ್ಲಿ. ಡಿಸ್ಕನ್ನು ಬೇರೆ ಮಷಿನ್‌ಗೆ ಒಯ್ದರೆ ಏಳಲ್ಲ. ಇತ್ತ ಹಳೇ ಮಷಿನ್ ಕೂಡ ಆ ಬೂಟ್ ಲೋಡರಿನ ಹೆಸರಾದ ಗ್ರಬ್ ಅಂತ ಕಪ್ಪು ಪರದೆ ತೋರಿಸಿ ನಿಲ್ಲುತ್ತೆ. ಇನ್‌ಸ್ಟಾಲ್ ಮಾಡುವಾಗ ಒಳಗಿನ ಡಿಸ್ಕಿನ ಕೇಬಲ್ ಕಿತ್ತಿಡಿ. ಇದಕ್ಕಿಂತ ಒಳ್ಳೇ ಉಪಾಯ ನನಗೆ ಕಂಡಿಲ್ಲ.

ಈಗ ನಾನು ಇಲ್ಲಿಗೆ ಬಂದ ಮುಖ್ಯ ವಿಷಯ.

ಜೇಬಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ತಿರುಗುವ ಹುಚ್ಚು ಹತ್ತಿದಾಗ ನಾನು 1 ಟಿಬಿಯ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ತಗೊಂಡೆ. ಅರ್ಧದಲ್ಲಿ ಲಿನಕ್ಸ್. ಉಳಿದರ್ಧದಲ್ಲಿ ನಾಲ್ಕು ವರ್ಷದ ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್, ಎಲ್ಲ ಕೆಲಸದ ಬ್ಯಾಕಪ್. ಎಷ್ಟು ಚಂದ ಅಲ್ವಾ? ಒಂದೇ ಡಬ್ಬಿ, ಎಲ್ಲ ಇದರಲ್ಲೇ. ಜಾಗ ಸಾಲದಾದಾಗ ಅಂಗಡಿ ಮಷಿನ್‌ನಲ್ಲಿದ್ದ ಹಳೇ ಫೈಲ್‌ಗಳನ್ನು ಅಳಿಸಿದೆ. ಹೇಗೂ ಬ್ಯಾಕಪ್ ಇದೆಯಲ್ಲ ಅಂತ. ಅವತ್ತೇ ಅದು ಬ್ಯಾಕಪ್ ಆಗಿ ಉಳಿಯಲಿಲ್ಲ, ಅದೇ ಅಸಲು ಆಯಿತು. ನನಗೆ ಹೊಳೆಯಲಿಲ್ಲ.

ಲಗ್ನದ ಸೀಸನ್. ಬೆಟಗೇರಿಯ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಡಿಸ್ಕ್ ಟೇಬಲ್ಲಿನ ಅಂಚಿನಲ್ಲಿ ತಿರುಗುತ್ತಿತ್ತು, ಕೇಬಲ್ ಕೆಳಗೆ ಜೋತಿತ್ತು. ನಾನೇ ಕಾಗದದ ರೀಮ್ ಎತ್ತಲು ಹೋಗಿ ಕೇಬಲ್ಲಿಗೆ ಕಾಲು ಸಿಕ್ಕಿಸಿದೆ. ಬಿದ್ದದ್ದು ಎರಡೂವರೆ ಅಡಿ ಎತ್ತರದಿಂದ. ಆಮೇಲೆ ಬಂದ ಟಿಕ್ ಟಿಕ್ ಕರೆಂಟ್ ಸಾಲದ ಟಿಕ್ ಟಿಕ್ ಆಗಿರಲಿಲ್ಲ.

ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮ್ ಇದೆ. ಅದು ಹಟಮಾರಿ ಅಲ್ಲ, ಜಾಣ. ಓದಲು ಬರುವ ಭಾಗವನ್ನು ಮೊದಲು ಬೇರೆ ಡಿಸ್ಕಿಗೆ ತೆಗೆದುಕೊಳ್ಳುತ್ತೆ. ಕೆಟ್ಟ ಜಾಗ ಬಿಟ್ಟು ಮುಂದೆ ಹೋಗುತ್ತೆ. ಎಲ್ಲಿ ಬಿಟ್ಟೆ ಅಂತ ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡು, ಕೊನೆಗೆ ವಾಪಸ್ ಬಂದು ಅವನ್ನು ಮೆಲ್ಲಗೆ ಕೆದಕುತ್ತೆ. ಮೂರು ದಿನ ನಡೆಯಿತು. ಹತ್ತಿರ ಹತ್ತಿರ ಮುಕ್ಕಾಲು ಪಾಲು ಸಿಕ್ಕಿತು. ಸಿಗದ ಕಾಲು ಪಾಲಿನಲ್ಲಿ ಮರುದಿನ ಅಚ್ಚಿಗೆ ಹೋಗಬೇಕಿದ್ದ ಒಂದು ಲಗ್ನಪತ್ರಿಕೆ ಇತ್ತು. ಗಿರಾಕಿಗೆ ಏನೂ ಹೇಳದೆ ರಾತ್ರಿ ಕೂತು ಹಳೇ ಪ್ರೂಫ್ ನೋಡಿ ಮತ್ತೆ ಟೈಪ್ ಮಾಡಿದೆ. ಆರುನೂರು ಕಾರ್ಡ್ ಅಚ್ಚಾಯಿತು. ಆ ಪ್ರೂಫ್ ತಿದ್ದುವ ಮುಂಚಿನದು ಅಂತ ಆಗ ನನಗೆ ಗೊತ್ತಿರಲಿಲ್ಲ. ಮನೆ ಹಿರಿಯರ ಹೆಸರಿನಲ್ಲಿ ಒಂದು ಒತ್ತಕ್ಷರ ಇರಲಿಲ್ಲ.

"ಏನ್ರೀ, ನಮ್ಮ ಅಪ್ಪನ ಹೆಸರನ್ನ ಬದಲ ಮಾಡಿಬಿಟ್ರಲ್ರೀ" ಅಂದರು ಅವರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆವತ್ತಿನಿಂದ ನನ್ನದು ಒಂದೇ ನಿಯಮ. ನಡೆಸುವ ಡಿಸ್ಕ್ ಬೇರೆ, ಕಾಯುವ ಡಿಸ್ಕ್ ಬೇರೆ. ನಡೆಸುವುದು ಜೇಬಿನಲ್ಲಿರುತ್ತೆ, ಬೀಳುತ್ತೆ, ಕಳೆಯುತ್ತೆ, ಚಹಾ ಚೆಲ್ಲಿಸಿಕೊಳ್ಳುತ್ತೆ. ಬೀಳಲಿ, ಹೊಸದೊಂದು ಮಾಡಲು ಅರ್ಧ ತಾಸು ಸಾಕು. ಕಾಯುವುದು ಮಾತ್ರ ತಿರುಗಾಡಬಾರದು. ಕೆಲಸ ಮುಗಿದ ಮೇಲೆ ಕೇಬಲ್ ಕಿತ್ತು ತಿಜೋರಿಗೆ ಹೋಗಬೇಕು. ಸದಾ ಚುಚ್ಚಿಕೊಂಡೇ ಇರುವ ಡಿಸ್ಕನ್ನು, ಫೈಲ್‌ಗಳನ್ನು ಒತ್ತೆಯಿಟ್ಟು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕೂಡ ಅಸಲಿನ ಜೊತೆಗೇ ಬೀಗ ಹಾಕುತ್ತೆ. ತಿಜೋರಿಗೆ ನಾನು ತಿರುಗುವ ಹಾರ್ಡ್ ಡಿಸ್ಕನ್ನೇ ಇಡುತ್ತೇನೆ. ಎಸ್‌ಎಸ್‌ಡಿ, ಪೆನ್‌ಡ್ರೈವ್‌ಗಳಲ್ಲಿ ಮಾಹಿತಿ ಇರುವುದು ವಿದ್ಯುತ್ ಕಣಗಳ ರೂಪದಲ್ಲಿ. ವರ್ಷಗಟ್ಟಲೆ ಕರೆಂಟ್ ಕಾಣದಿದ್ದರೆ ಅದು ನಿಧಾನಕ್ಕೆ ಸೋರುತ್ತೆ.

ಸ್ಟುಡಿಯೋದವರು 3-2-1 ಅನ್ನುವ ಲೆಕ್ಕ ಕೇಳಿರಬಹುದು. ಅದನ್ನು ಜನಪ್ರಿಯ ಮಾಡಿದ್ದು ನಿಮ್ಮವರೇ, ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ನಮ್ಮ ಭಾಗದವರಿಗೆ ಇದು ಹೊಸದಲ್ಲ ಅಂತ ನನ್ನ ವಾದ. ಇಲ್ಲಿಂದ ಹತ್ತು ಹನ್ನೆರಡು ಕಿ.ಮೀ. ದೂರದ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿದಳು. ಅಚ್ಚಿನ ಕಾಲ ಅಲ್ಲ, ತಾಳೆಗರಿ ಮೇಲೆ ಕಂಟದಲ್ಲಿ ಕೊರೆಯುವ ಕಾಲ. ಎಲ್ಲರೂ ಸಾವಿರ ಅನ್ನುವ ಅಂಕಿ ನೋಡಿ ಬೆರಗಾಗುತ್ತಾರೆ. ನನಗೆ ಬೆರಗು ಅವಳು ಅವನ್ನು ಹಂಚಿದ್ದು. ಸಾವಿರವನ್ನೂ ಒಂದೇ ಬಸದಿಯಲ್ಲಿ ಪೇರಿಸಿಟ್ಟಿದ್ದರೆ ಒಂದು ಬೆಂಕಿಗೆ, ಒಂದು ಗೆದ್ದಲಿನ ಗೂಡಿಗೆ ಅದು ಒಂದೇ ಪ್ರತಿ. ನಮ್ಮ ಅಂಗಡಿಯ ಒಂದೇ ಟೇಬಲ್ ಮೇಲೆ ಮೂರು ಡಿಸ್ಕ್ ಇಟ್ಟರೂ ಹಾಗೇ.

ನನ್ನ ಮೂರನೇ ಪ್ರತಿ ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಲ್ಲಿದೆ. ತಿಂಗಳಿಗೊಮ್ಮೆ ಹೋದಾಗ ಒಂದು ಡಿಸ್ಕ್ ಕೊಟ್ಟು, ಹಿಂದಿನದನ್ನು ತರುತ್ತೇನೆ. ಮೊದಲ ಸಲ ಕೊಟ್ಟಾಗ ಅಕ್ಕ ಅದನ್ನು ಕೈಯಲ್ಲಿ ತೂಗಿ ನೋಡಿದಳು.

"ಏನೋ ತಮ್ಮಾ ಇದು, ಬಂಗಾರ ಐತೇನು?"

"ಇಲ್ಲಕ್ಕ, ಮಂದಿ ಲಗ್ನದ ಕಾರ್ಡ್."

"ಮಂದಿ ಕಾರ್ಡ್ ನನ್ನ ಸೀರಿ ನಡುವ ಯಾಕಿಡ್ಲಿ?" ಅಂದಳು. ಆದರೂ ಇಟ್ಟಳು.

ಆ ಡಿಸ್ಕಿಗೆ ಲಕ್ಸ್ ಅನ್ನುವ, ಲಿನಕ್ಸಿನ ಪಾಸ್‌ವರ್ಡ್ ಬೀಗ ಹಾಕಿದ್ದೇನೆ. ಅದರಲ್ಲಿ ಗಿರಾಕಿಗಳ ಆಧಾರ್ ಕಾಪಿ, ವಿಳಾಸ ಎಲ್ಲ ಇರುತ್ತವಲ್ಲ. ವಿಂಡೋಸಿನಲ್ಲೂ ತೆರೆಯಬೇಕು ಅನ್ನುವವರು ವೆರಾಕ್ರಿಪ್ಟ್ ಹಾಕಿಕೊಳ್ಳಬಹುದು. ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಬೇರೆ ಕಡೆ ಇಟ್ಟಿದ್ದೇನೆ, ಎಲ್ಲಿ ಅಂತ ಮಗನಿಗೆ ಗೊತ್ತು. ನಗಬೇಡಿ. ಯಜಮಾನ ಹೋದ ಮೇಲೆ ತೆರೆಯದ ಡಿಸ್ಕ್ ಅಂದರೆ ಒಂದು ಕಬ್ಬಿಣದ ತುಂಡು.

ಕಾಪಿ ಮಾಡಲು ನಾನು ಬಳಸುವುದು ಆರ್‌ಸಿಂಕ್. 1996ರಿಂದ ಇದೆ. ಆಂಡ್ರ್ಯೂ ಟ್ರಿಡ್ಜೆಲ್, ಪಾಲ್ ಮ್ಯಾಕೆರಸ್ ಬರೆದದ್ದು. ಇವರೂ ಆಸ್ಟ್ರೇಲಿಯಾದವರೇ, ಆ ದೇಶಕ್ಕೂ ಇಂಥ ಕೆಲಸಕ್ಕೂ ಏನೋ ನಂಟು. ಬದಲಾದ ಫೈಲ್‌ಗಳನ್ನು ಮಾತ್ರ ಕಾಪಿ ಮಾಡುತ್ತೆ, ಹಾಗಾಗಿ ಎರಡನೇ ದಿನದಿಂದ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತೆ. ಅದಕ್ಕೆ ಡಿಲೀಟ್ ಅನ್ನುವ ಒಂದು ಆಯ್ಕೆ ಇದೆ. ಅಸಲಿನಲ್ಲಿ ಇಲ್ಲದ್ದನ್ನು ನಕಲಿನಲ್ಲೂ ಅಳಿಸು ಅಂತ ಅರ್ಥ. ಕೇಳಲು ಚೊಕ್ಕ. ಒಂದು ಮುಂಜಾನೆ ಲೈವ್ ಸಿಸ್ಟಮ್ಮಿನಲ್ಲಿ ಅಂಗಡಿಯ ಡಿಸ್ಕನ್ನು ಮೌಂಟ್ ಮಾಡುವುದೇ, ಅಂದರೆ ಒಂದು ಫೋಲ್ಡರಿಗೆ ಜೋಡಿಸುವುದೇ ಮರೆತೆ. ಫೋಲ್ಡರ್ ಇತ್ತು, ಒಳಗೆ ಖಾಲಿ. ಕಮಾಂಡ್ ಹೊಡೆದೆ. ಅಸಲು ಖಾಲಿ ಅಂತ ತಿಳಿದ ಆರ್‌ಸಿಂಕ್, ವಿಧೇಯ ಆಳಿನ ಹಾಗೆ ನಕಲನ್ನೂ ಗುಡಿಸಿ ಚೊಕ್ಕ ಮಾಡಿತು. ಪರದೆ ಮೇಲೆ ಫೈಲ್ ಹೆಸರುಗಳು ಸರಸರ ಓಡುತ್ತಿದ್ದವು. ಕಾಪಿ ಆಗುತ್ತಿದೆ ಅಂದುಕೊಂಡು ನೋಡುತ್ತಾ ಕೂತಿದ್ದೆ. ಪ್ರತಿ ಸಾಲಿನ ಮುಂದೆ ಡಿಲೀಟಿಂಗ್ ಅಂತ ಇದ್ದದ್ದು ಕಂಡದ್ದು ಕೊನೆಗೆ. ಪುಣ್ಯಕ್ಕೆ ಮೌಂಟ್ ಆಗದ ಅಸಲು ಸುಖವಾಗಿ ಮಲಗಿತ್ತು.

ಅದಕ್ಕೇ ಈಗ ಮೊದಲು ಡ್ರೈ ರನ್. ಏನು ಮಾಡುತ್ತೀಯ ಅಂತ ಬಾಯಲ್ಲಿ ಹೇಳಿಸಿಕೊಂಡು, ಆಮೇಲೆ ಮಾಡಿಸುವುದು. ಜೊತೆಗೆ ದಿನಾಂಕ ಹಾಕಿದ ಬೇರೆ ಬೇರೆ ಪ್ರತಿ. ಇವತ್ತು ಕೆಟ್ಟದ್ದು ನಿನ್ನೆಯ ಪ್ರತಿಯನ್ನು ಮುಟ್ಟಬಾರದು. ಕಮಾಂಡ್ ಬೇಡ ಅನ್ನುವವರಿಗೆ ಬ್ಯಾಕ್ ಇನ್ ಟೈಮ್ ಇದೆ, ಗುಂಡಿ ಒತ್ತಿದರೆ ಇದೇ ಕೆಲಸ ಮಾಡುತ್ತೆ. ಮಿಂಟ್ ಜೊತೆ ಬರುವ ಟೈಮ್‌ಶಿಫ್ಟ್ ನಂಬಿಕೊಂಡು ಕೂರಬೇಡಿ. ಅದು ಸಿಸ್ಟಮ್ಮಿನ ಬ್ಯಾಕಪ್. ನಿಮ್ಮ ಸ್ವಂತ ಫೈಲ್‌ಗಳಿರುವ ಹೋಮ್ ಫೋಲ್ಡರನ್ನು ಅದು ತಾನಾಗಿ ಮುಟ್ಟಲ್ಲ. ವಿಂಡೋಸ್ ಮಷಿನ್ನನ್ನು ಇದ್ದ ಹಾಗೇ ಎತ್ತಿಡಬೇಕಾದರೆ ತೈವಾನಿನ ಕ್ಲೋನ್‌ಜಿಲ್ಲಾ. ನನ್ನ ಪೇಜ್‌ಮೇಕರ್ ಮಷಿನ್ನಿನ ಪೂರ್ತಿ ಅಚ್ಚು ಅದರಲ್ಲಿದೆ, ಡಿಸ್ಕ್ ಸತ್ತರೆ ಹೊಸದಕ್ಕೆ ಒತ್ತಿದರಾಯಿತು.

ಪ್ರೆಸ್‌ನವರಿಗೆ ಇನ್ನೊಂದು ಮಾತು, ಇದನ್ನು ಬೇರೆ ಯಾರೂ ಹೇಳಲ್ಲ. ಬರೀ ಕೆಲಸದ ಫೈಲ್ ಎತ್ತಿಟ್ಟರೆ ಬ್ಯಾಕಪ್ ಆಗಲ್ಲ. ಆ ಫೈಲಿನ ಅಕ್ಷರಗಳೆಲ್ಲ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಕೂರಿಸಿದ ಹಳೇ ಆಸ್ಕಿ ಫಾಂಟ್‌ನಲ್ಲಿರುತ್ತವೆ. ಫಾಂಟ್ ಇಲ್ಲದ ಮಷಿನ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ. ಫೋಟೋಗಳೂ ಎಷ್ಟೋ ಸಲ ಫೈಲಿನೊಳಗೆ ಇರಲ್ಲ, ಬೇರೆ ಫೋಲ್ಡರಿನಲ್ಲಿರುತ್ತವೆ. ಕೆಲಸದ ಫೈಲ್, ಫಾಂಟ್, ಫೋಟೋ, ಕೊನೆಗೊಂದು ಪಿಡಿಎಫ್, ನಾಲ್ಕೂ ಒಂದೇ ಫೋಲ್ಡರಿಗೆ ಹೋಗಲಿ. ಮೂರು ತಿಂಗಳಿಗೊಮ್ಮೆ ಅದನ್ನು ಬೇರೆ ಮಷಿನ್‌ನಲ್ಲಿ ತೆರೆದು ನೋಡಿ. ನಾನು ಹಾಗೆ ನೋಡಿದ ಮೊದಲ ಸಲ ಹತ್ತರಲ್ಲಿ ನಾಲ್ಕು ತೆರೆಯಲಿಲ್ಲ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ.

(ಸ್ಟುಡಿಯೋದವರೊಬ್ಬರು ಕೇಳಿದರು: ದೊಡ್ಡ ವಿಡಿಯೋ ಫೈಲ್ ಪೆನ್‌ಡ್ರೈವಿಗೆ ಹೋಗಲ್ಲ, ಜಾಗ ಇದ್ದರೂ ಜಾಗ ಇಲ್ಲ ಅನ್ನುತ್ತೆ, ಯಾಕೆ?)

ಅದು ಫ್ಯಾಟ್ 32, ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಒಂದು ಹಳೇ ಪದ್ಧತಿ. ಅದರಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದಿರಲು ಬರಲ್ಲ. ಲಗ್ನದ ವಿಡಿಯೋ ಅಂದರೆ ಅದನ್ನು ದಾಟೇ ದಾಟುತ್ತೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ವಿಂಡೋಸ್, ಮ್ಯಾಕ್, ಈಗಿನ ಲಿನಕ್ಸ್ ಎಲ್ಲದರಲ್ಲೂ ತೆರೆಯುತ್ತೆ. ಆದರೆ ಎಕ್ಸ್‌ಫ್ಯಾಟ್‌ಗೆ ಜರ್ನಲ್, ಅಂದರೆ ಬರೆಯುವ ಮುಂಚೆ ಗುರುತು ಹಾಕಿಕೊಳ್ಳುವ ದಿನಚರಿ, ಇಲ್ಲ. ಕಾಪಿ ಆಗುವಾಗ ಕಿತ್ತರೆ ಏಟು ಜಾಸ್ತಿ. ಪರದೆ ಮೇಲೆ ಕಾಪಿ ಮುಗಿಯಿತು ಅಂತ ಬಂದರೂ ಬಾಕಿ ಬರಹ ರ‍್ಯಾಮ್‌ನಲ್ಲೇ ಇರಬಹುದು. ಇಜೆಕ್ಟ್ ಒತ್ತಿ, ತೆಗೆಯಬಹುದು ಅಂತ ಅದು ಹೇಳುವ ತನಕ ಕಾಯಿರಿ.

(ಕೊನೆಗೆ ಕಾಲೇಜಿನ ಹುಡುಗನೊಬ್ಬ ಎದ್ದ. ಹೊಸ 64 ಜಿಬಿ ಪೆನ್‌ಡ್ರೈವ್ ತಂದಿದ್ದ, ಅದಕ್ಕೆ ವೆಂಟಾಯ್ ಹಾಕಿಕೊಡಿ ಅಂದ. ತುಂಬಾ ಅಗ್ಗಕ್ಕೆ ಸಿಕ್ಕಿತು ಅಂತಲೂ ಅಂದ.)

ಅಗ್ಗ ಅಂದ ಕೂಡಲೇ ನನಗೆ ಅನುಮಾನ ಬಂತು. ವೆಂಟಾಯ್ ಹಾಕುವ ಮುಂಚೆ ಎಫ್3 ಅನ್ನುವ ಪ್ರೋಗ್ರಾಮ್ ಓಡಿಸಿದೆ. ಫೈಟ್ ಫ್ಲ್ಯಾಶ್ ಫ್ರಾಡ್ ಅಂತ ಅದರ ಪೂರ್ತಿ ಹೆಸರು. ಪೆನ್‌ಡ್ರೈವಿನ ತುಂಬಾ ಗುರುತಿನ ಫೈಲ್‌ಗಳನ್ನು ಬರೆಯುತ್ತೆ, ಮತ್ತೆ ಓದಿ ತಾಳೆ ನೋಡುತ್ತೆ. ನಕಲಿ ಪೆನ್‌ಡ್ರೈವ್ ಬರೆಯುವಾಗ ಏನೂ ಅನ್ನಲ್ಲ, ಜಾಗ ಮುಗಿದರೂ ಹೂಂ ಹೂಂ ಅನ್ನುತ್ತಾ ಬರೆದ ಹಾಗೆ ಮಾಡುತ್ತೆ. ಸಿಕ್ಕಿಬೀಳುವುದು ಓದುವಾಗ. ಅಷ್ಟೊತ್ತಿಗೆ ಗಿರಮಿಟ್, ಮಿರ್ಚಿ ಬಂತು, ಚಹಾ ಬಂತು. ಜನ ಎದ್ದು ಹೊರಟರು. ಹುಡುಗ, ಮಾಸ್ತರು, ನಾನು ಮಾತ್ರ ಪರದೆ ನೋಡುತ್ತಾ ಕೂತೆವು. ಮಾಸ್ತರು ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ವಾಪಸ್ ಕೂರಿಸಿ ಸ್ಕ್ರೂ ಬಿಗಿಯುತ್ತಿದ್ದರು.

ಪೊಟ್ಟಣದ ಮೇಲೆ 64 ಇತ್ತು. ಸರಿಯಾಗಿ ಓದಲು ಬಂದದ್ದು 8ಕ್ಕೂ ಚೂರು ಕಡಿಮೆ.

"ಅಂಗಡಿಯವ್ರು ವಾಪಸ್ ತಗೋತಾರೇನ್ರೀ ಸರ?" ಅಂತ ಕೇಳಿದ ಹುಡುಗ.

ಪರದೆಯ ಫೋಟೋ ತಗೋ ಅಂದೆ. ಬಿಲ್ ಇದೆಯಾ ಅಂತ ಮಾಸ್ತರು ಕೇಳಿದರು. ಹುಡುಗ ಜೇಬೆಲ್ಲ ತಡಕಾಡತೊಡಗಿದ.